ಸಂಬಳ ಇಲ್ಲದವಳ ಕಾಲು

ಹೋದ ಮಳೆಗಾಲದಲ್ಲಿ ನಮ್ಮ ಅತ್ತಿಗೆ ಸೊಸೈಟಿಯಿಂದ ಅಕ್ಕಿ ತರುವಾಗ, ರಸ್ತೆಯ ಬಿಳಿ ಪಟ್ಟೆಯ ಮೇಲೆಯೇ ಕಾರು ಗುದ್ದಿ ಅವರ ಕಾಲು ಮುರಿಯಿತು. ಪಟ್ಟೆ ಮಾಸಿತ್ತು, ಕಾಣಲಿಲ್ಲ ಎಂದು ಚಾಲಕನ ವಾದ. "ಹಾಗಾದರೆ ಪುರಸಭೆಯವರೇ ದುಡ್ಡು ಕೊಡಲಿ" ಎಂದರು ನಮ್ಮ ಅತ್ತೆ.

ವಕೀಲರನ್ನು ಕೇಳಿದೆವು. ಬಿ.ಸಿ. ರೋಡು, ಬೆಳ್ತಂಗಡಿಯಲ್ಲಿ ಪೇಟೆಯ ನಡುವೆ ಹೋಗುವುದು ರಾಷ್ಟ್ರೀಯ ಹೆದ್ದಾರಿ, ಅದು ಊರಿನವರ ಕೈಯಲ್ಲಿಲ್ಲ. ಮೂಡುಬಿದಿರೆಯ ಒಳರಸ್ತೆಯಾದರೆ ಮಾತು ಬೇರೆ. ರಸ್ತೆ ಸರಿಯಿಲ್ಲದೆ ಜೀವ ಹೋದರೆ, ಅಂಗ ಊನವಾದರೆ ಅದನ್ನು ನೋಡಿಕೊಳ್ಳುವವರಿಗೆ 2019ರ ತಿದ್ದುಪಡಿಯಂತೆ 1 ಲಕ್ಷದ ತನಕ ದಂಡ ಉಂಟು. ಆದರೆ ಮೊದಲ ಹೊಣೆ ಗುದ್ದಿದವನದ್ದು, ಅವನ ವಿಮೆಯವರದ್ದು. ನ್ಯಾಯಮಂಡಳಿಗೆ ಅರ್ಜಿ ಹಾಕಲು ಕಾಯ್ದೆ ಹೇಳುವ ಗಡುವು 6 ತಿಂಗಳು. ಓಡಿಹೋದ ಗಾಡಿ ಸಿಗದಿದ್ದರೂ 2022ರ ಏಪ್ರಿಲ್‌ನಿಂದ ಗಂಭೀರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಉಂಟಂತೆ.

ನನಗೆ ಉರಿದದ್ದು ಬೇರೆ ಮಾತಿಗೆ. ನೋಡಲು ಬಂದ ನೆಂಟರೊಬ್ಬರು, "ಇವಳಿಗೆ ಸಂಬಳ ಉಂಟಾ? ಏನು ನಷ್ಟ?" ಎಂದುಬಿಟ್ಟರು! ಐದಕ್ಕೆ ಎದ್ದು ಹಟ್ಟಿ ಗುಡಿಸಿ, ದೋಸೆ ಹೊಯ್ದು, ಹಿರಿಯರಿಗೆ ಗಂಜಿ ಬಡಿಸುವವರಿಗೆ ಈ ಮಾತೇ? ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಿ ಪರಿಹಾರ ಲೆಕ್ಕ ಹಾಕಬೇಕೆಂದು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಅತ್ತಿಗೆ ಈಗ ಕೋಲು ಊರಿಕೊಂಡು ಹಟ್ಟಿಗೆ ಹೋಗುತ್ತಾರೆ. ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ "ಮನೆಗೆಲಸ" ಎಂದು ನಾನೇ ಬರೆಸಿದೆ.