ಮೇಲ್ಮುದ್ದೆಯ ಮನೆ

ಧಾರವಾಡದಿಂದ ಸವದತ್ತಿಯ ದಾರಿ ಹಿಡಿದವರಿಗೆ ಅಮ್ಮಿನಬಾವಿಯನ್ನು ಮುಟ್ಟುವಷ್ಟರಲ್ಲಿ ಸೀಮೆ ಬದಲಾದ ಗುರುತು ಹತ್ತುವದು. ಪಡುವಲ ಮಲೆನಾಡಿನ ಸೆರಗಿನಲ್ಲಿ ಇಳಿಜಾರಾದ ಹಂಚಿನ ಮನೆಗಳು. ಇತ್ತ ಎರೆಯ ನೆಲದಲ್ಲಿ ಮಳೆಯೂ ಕಡಿಮೆ, ಮಾಳಿಗೆಯೂ ಸಪಾಟು. ಮಣ್ಣಿನದೇ ಗೋಡೆ, ಮಣ್ಣಿನದೇ ಹೊದಿಕೆ. ಇದನ್ನೇ ಜನರು ಮೇಲ್ಮುದ್ದೆಯ ಮನೆಯೆನ್ನುವರು.

ಇಂಥ ಮನೆಯ ತಲೆಬಾಗಿಲನ್ನು ದಾಟಿದೊಡನೆ ಮೊದಲು ಕಾಣುವವು ಎತ್ತುಗಳು. ತಗ್ಗಿನಲ್ಲಿ ಗೋದಲಿ, ಅದರಾಚೆ ಎತ್ತರದ ಕಟ್ಟೆಯ ಮೇಲೆ ಪಡಸಾಲೆ, ಒಳಗೆ ಅಡಿಗೆಮನೆ, ದೇವರ ಮನೆ. ಪಡಸಾಲೆಯಲ್ಲಿ ಮಲಗಿದ ಒಕ್ಕಲಿಗನು ಕೊರಳಗಂಟೆಯ ಸದ್ದಿನಿಂದಲೇ ಎತ್ತಿನ ಸುಖದುಃಖವನ್ನರಿಯುವನು. ದಪ್ಪ ಗೋಡೆಗಳಿಗೆ ಕಿಟಕಿಗಳು ವಿರಳ. ಬೆಳಕು ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವದು. ಚೈತ್ರದ ಬಿಸಿಲು ಹೊರಗೇ ನಿಲ್ಲುವದು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಒತ್ತಾಗಿ ಹಾಸಿದ ಕಟ್ಟಿಗೆಯ ಸೀಳು. ಎಲ್ಲಕ್ಕೂ ಮೇಲೆ ಮಣ್ಣು. ಎರೆಯು ಒಣಗಿದರೆ ಬಿರಿಯುವದರಿಂದ, ಇದಕ್ಕೆ ಬೇರೆ ಮಣ್ಣನ್ನೇ ಹುಡುಕಿ ತರುವರು.

ಇಂಗ್ಲಂಡದ ಕಾಟ್ಸ್‌ವೋಲ್ಡ್ ಗುಡ್ಡಗಾಡಿನಲ್ಲಿ ಒಕ್ಕಲು ಮನೆಗಳ ಗೋಡೆಯೂ ಸುಣ್ಣಗಲ್ಲಿನದು, ಮಾಡಿನ ಬಿಲ್ಲೆಗಳೂ ಕಲ್ಲಿನವು. ಅಲ್ಲಿಯ ಚೆಡ್ವರ್ಥ ಎಂಬ ಹಳ್ಳಿಯ 17ನೆಯ ಶತಮಾನದ ಮನೆಯೊಂದನ್ನು ಅಮೇರಿಕೆಯ ಹೆನ್ರಿ ಫೋರ್ಡನು ಕೊಂಡು, ಕಲ್ಲು ಕಲ್ಲು ಬಿಚ್ಚಿಸಿ, 1930ರಲ್ಲಿ ಹಡಗಿನಿಂದ ಸಾಗಿಸಿ, ಮಿಶಿಗನ್ ಪ್ರಾಂತದ ಡಿಯರ್‌ಬರ್ನದಲ್ಲಿ ಮತ್ತೆ ನಿಲ್ಲಿಸಿದನು. ಅದು ಇಂದಿಗೂ ಅಲ್ಲಿದೆ. ಮೇಲ್ಮುದ್ದೆಯ ಮನೆಗೆ ಈ ಭಾಗ್ಯವಿಲ್ಲ. ಬಿಚ್ಚಿದರೆ ಉಳಿಯುವದು ಕಟ್ಟಿಗೆ ಮತ್ತು ಮಣ್ಣಿನ ಗುಪ್ಪೆ. ಅದರ ಆಯುಷ್ಯವಿರುವದು ಇದ್ದವರ ಕೈಯಲ್ಲಿ. ಮಿರಗದ ಮಳೆ ಬೀಳುವ ಮುನ್ನ ಯಾರಾದರೂ ನಿಚ್ಚಣಿಕೆ ಏರಬೇಕು. ಹುಲ್ಲು ಕೀಳಬೇಕು, ಬಿರುಕು ಮುಚ್ಚಬೇಕು, ಹೊಸ ಮಣ್ಣು ಹರವಿ ಬಡಿಯಬೇಕು, ನೀರು ಹೋಗುವ ದೋಣಿಯ ಬಾಯಿ ಬಿಡಿಸಬೇಕು. ಒಂದು ವರ್ಷ ಮರೆತರೆ ಪಡಸಾಲೆಯಲ್ಲಿ ಬೋಗುಣಿ ಇಡಬೇಕಾಗುವದು. ನಾಲ್ಕು ವರ್ಷ ಮರೆತರೆ ಜಂತಿಯೇ ಕೊಳೆಯುವದು.

ಆದರೆ ಕಾಳಜಿಗೂ ಒಂದು ಮಿತಿಯುಂಟು. 2019ರ ಆಗಸ್ಟಿನಲ್ಲಿ ಧಾರವಾಡ ಸೀಮೆಯ ಮೇಲೆ ದಿನಗಟ್ಟಲೆ ಬಿಡದೆ ಮಳೆ ಸುರಿದಾಗ ಮಣ್ಣಿನ ಮನೆಗಳು ಹಳ್ಳಿಹಳ್ಳಿಗಳಲ್ಲಿ ಕುಸಿದವು. ಅಲ್ಪ ಮಳೆಯನ್ನು ನಂಬಿ ಕಟ್ಟಿದ ಮಾಳಿಗೆಯು ಆ ಭಾರವನ್ನು ಹೇಗೆ ತಾಳಬೇಕು?

ಅದರ ಬಳಿಕ ಸಿಮೆಂಟಿನ ಮನೆ ಕಟ್ಟಿಸಿಕೊಂಡವನನ್ನು ಹಳಿಯುವದು ಸುಲಭ. ನೆನೆದ ಗೋಡೆಯ ಮಗ್ಗುಲಲ್ಲಿ ಮಕ್ಕಳನ್ನು ಮಲಗಿಸಿ ತಾನು ನಿದ್ದೆಗೆಟ್ಟವನು ಹಳಿಯಲಾರನು. ಆದರೂ ಬೇಸಗೆಯ ಹಗಲು ಹೊಸ ಮನೆಯ ಚಾವಣಿ ಕಾದಾಗ, ಅವನೇ ಎದ್ದು ಹೋಗಿ ಉಳಿದ ಹಳೆಯ ಪಡಸಾಲೆಯಲ್ಲಿ, ಎತ್ತುಗಳ ಎದುರು, ಚಾಪೆ ಹಾಸುವನು.