ಟಕೋಮಾದ ಆರು ಜನ, ತಿರುಮಣಿಯ ಕೂಲಿಗಳು



ಇವತ್ತಿನ ಪೋಸ್ಟು ಒಂದು ವಿಡಿಯೋ ಗೇಮ್ ಬಗ್ಗೆ. ಒಳಮೀಸಲಾತಿ, ಬಗರ್ ಹುಕುಂ, ಹಾಸ್ಟೆಲ್ ಸಮಸ್ಯೆ ಎಲ್ಲಾ ಬಿಟ್ಟು ಇವನಿಗೆ ಇದೇನು ಬಂತು ಅಂತ ಕೆಲವರು ಬೈಯಬಹುದು. ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ. ಉದ್ದ ಇದೆ.

ಗೇಮಿನ ಹೆಸರು ಟಕೋಮಾ. ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ಫುಲ್‌ಬ್ರೈಟ್ ಅನ್ನೋ ಸಣ್ಣ ಕಂಪನಿ ಮಾಡಿದ್ದು, 2017ರ ಆಗಸ್ಟಲ್ಲಿ ಬಂತು. ತುಮಕೂರಲ್ಲಿ ಓದ್ತಿರೋ ನಮ್ಮಕ್ಕನ ಮಗನ ಲ್ಯಾಪ್‌ಟಾಪಲ್ಲಿ ಇತ್ತು. ರಜಕ್ಕೆ ಮಿಡಿಗೇಶಿಗೆ ಬಂದವನು, "ಮಾವ, ಇದು ನಿಂಗೆ ಹಿಡಿಸ್ತದೆ ನೋಡು, ಇದ್ರಲ್ಲಿ ಯಾರ್ನೂ ಹೊಡಿಯಂಗಿಲ್ಲ, ಬರೀ ಓದೋದು, ತಿರುಗೋದು" ಅಂದ. ಗೇಮ್ ಅಂದ್ರೆ ಬಂದೂಕು ಹಿಡಿದು ಓಡೋದು ಅಂತಲೇ ತಿಳಿದಿದ್ದೆ. ಎರಡು ರಾತ್ರಿಯಲ್ಲಿ ಮುಗಿಸಿದೆ. ಮುಗಿಸೋಕೆ ಬೇಕಾಗಿದ್ದು ಒಟ್ಟು ಮೂರು ಗಂಟೆ ಅಷ್ಟೇ, ಆದರೆ ಮಧ್ಯೆ ಮಧ್ಯೆ ನಿಲ್ಲಿಸಿ ಎದ್ದು ಹೋಗಬೇಕಾಯ್ತು. ಯಾಕೆ ಅಂತ ಹೇಳ್ತೀನಿ. ಕತೆ ಪೂರ್ತಿ ಹೇಳಿಬಿಡ್ತೀನಿ, ಆಡಬೇಕು ಅನ್ನೋರು ಇಲ್ಲಿಗೇ ನಿಲ್ಲಿಸಿ.

2088ನೇ ಇಸವಿ. ಭೂಮಿಗೂ ಚಂದ್ರನಿಗೂ ನಡುವೆ ಟಕೋಮಾ ಅನ್ನೋ ನಿಲ್ದಾಣ. ಅದು ವೆಂಚುರಿಸ್ ಅನ್ನೋ ಕಂಪನಿಯದು. ನೀವು ಆಮಿ ಫೆರಿಯರ್ ಅನ್ನೋ ಗುತ್ತಿಗೆ ಕೆಲಸಗಾರ್ತಿ. ನಿಲ್ದಾಣದಲ್ಲಿ ಏನೋ ಅವಘಡ ಆಗಿದೆ, ಜನ ಯಾರೂ ಇಲ್ಲ. ಅಲ್ಲಿನ ಕೃತಕ ಬುದ್ಧಿ, ಹೆಸರು ಓಡಿನ್, ಅದನ್ನು ಬಿಚ್ಚಿಕೊಂಡು ಬಂದು ಕಂಪನಿಗೆ ಒಪ್ಪಿಸಬೇಕು. ಅಷ್ಟೇ ಕೆಲಸ. ಒಬ್ಬಳೇ ಒಳಗೆ ಹೋಗ್ತೀರಿ. ಪ್ರತಿ ವಿಭಾಗದಲ್ಲೂ ಯಂತ್ರ ಸಿಕ್ಕಿಸಿ, ಮಾಹಿತಿ ಇಳಿಯೋ ತನಕ ಕಾಯಬೇಕು. ಕಾಯೋ ಹೊತ್ತಲ್ಲಿ ಸುತ್ತಾಡಬಹುದು. ಅಲ್ಲಿದ್ದ ಆರು ಜನ ಓಡಾಡಿದ್ದು, ಮಾತಾಡಿದ್ದು ಎಲ್ಲಾ ದಾಖಲಾಗಿದೆ. ಬಣ್ಣಬಣ್ಣದ ನೆರಳುಗಳ ಹಾಗೆ ಕಾಣ್ತಾರೆ. ಹಿಂದಕ್ಕೆ ಮುಂದಕ್ಕೆ ಓಡಿಸಿ, ಒಬ್ಬೊಬ್ಬರ ಹಿಂದೆ ಹೋಗಿ ಕೇಳಿಸಿಕೊಳ್ಳಬಹುದು. ಡ್ರಾಯರ್ ತೆಗೆಯಬಹುದು, ಕಾಗದ ಓದಬಹುದು. ಇಪ್ಪತ್ತು ವರ್ಷ ಫೈಲು ತಿರುವಿ ಹಾಕಿದ ಗುಮಾಸ್ತನಿಗೆ ಇದಕ್ಕಿಂತ ಹಿತವಾದ ಆಟ ಇನ್ನೊಂದಿಲ್ಲ.

ಆ ಆರು ಜನರಲ್ಲಿ ಒಬ್ಬರೂ ಹೀರೋ ಅಲ್ಲ. ಆಡಳಿತ ನೋಡಿಕೊಳ್ಳೋಳು, ಕಾರ್ಯನಿರ್ವಹಣೆಯವನು, ನೆಟ್‌ವರ್ಕ್‌ನವಳು, ಮೆಕ್ಯಾನಿಕ್ ಹೆಂಗಸು, ಗಿಡ ಬೆಳೆಸೋನು, ಡಾಕ್ಟರು. ಡಾಕ್ಟರ ಹೆಸರು ಸಾರೆ ಹಸ್ಮಾದಿ. ಎಲ್ಲರೂ ಕಾಂಟ್ರ್ಯಾಕ್ಟು. ಅವರ ದುಡಿಮೆಯ ಲೆಕ್ಕ ದುಡ್ಡಲ್ಲಲ್ಲ, 'ಲಾಯಲ್ಟಿ' ಅನ್ನೋ ಪಾಯಿಂಟಲ್ಲಿ. ನಿಷ್ಠೆ! ಕಂಪನಿಗೆ ನಿಷ್ಠನಾಗಿದ್ದಷ್ಟೂ ಪಾಯಿಂಟು ಕೂಡುತ್ತೆ. ಹಾಗೆ ಕೂಡಿಸಿದವನು ಕಂಪನಿ ಬಿಟ್ಟು ಎಲ್ಲಿಗೆ ಹೋಗ್ತಾನೆ?

ನಾನು ಮೊದಲ ಸಲ ಎದ್ದು ಹೋಗಿದ್ದು ಇಲ್ಲಿ. ಹೊರಗುತ್ತಿಗೆ ಬಿಲ್ಲು ಕೈಯಲ್ಲಿ ಹಿಡಿದವರಿಗೆ ಇದು ಕಾಲ್ಪನಿಕ ಕತೆ ಅನ್ನಿಸಲ್ಲ. ಕಚೇರಿ ಕಸ ಗುಡಿಸೋ ಅಕ್ಕ ಹನ್ನೆರಡು ವರ್ಷದಿಂದ ಅದೇ ಮೆಟ್ಟಿಲು ಗುಡಿಸ್ತಾಳೆ, ಆದರೆ ಕಾಗದದ ಮೇಲೆ ಅವಳು ಪ್ರತಿ ವರ್ಷ ಹೊಸಬಳು. ಏಜೆನ್ಸಿ ಬದಲಾಯ್ತು, ಪಿಎಫ್ ನಂಬರ್ ಬದಲಾಯ್ತು, ಸೇವೆ ಸೊನ್ನೆಯಿಂದ ಶುರು. 1972ರ ಗ್ರಾಚ್ಯುಟಿ ಕಾಯ್ದೆ ಐದು ವರ್ಷ ಸತತ ಸೇವೆ ಕೇಳ್ತಿತ್ತು. ಸತತ ಅನ್ನೋ ಪದವೇ ಅವಳ ಬದುಕಿಗೆ ಬರದ ಹಾಗೆ ಟೆಂಡರ್ ಬರೀತಾರೆ. 2024ರಲ್ಲಿ ನಮ್ಮ ಸರ್ಕಾರ ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕು ಅಂತ ಹೇಳಿತು. ಒಳ್ಳೇದು. ಆದರೆ ಪೊರಕೆ ಹಿಡಿಯೋ ಕೆಲಸದಲ್ಲಿ ಮೀಸಲಾತಿ ಇಲ್ಲದೆಯೂ ನಮ್ಮೋರೇ ನೂರಕ್ಕೆ ನೂರು ಇದ್ದಾರಲ್ಲ ಸ್ವಾಮಿ, ಅದನ್ನ ಕಡಿಮೆ ಮಾಡೋ ಆದೇಶ ಯಾವಾಗ?

ಅದೇ ಯೋಚನೆಯಲ್ಲಿ ಟಕೋಮಾದ ಹುದ್ದೆಗಳ ಪಟ್ಟಿ ಇನ್ನೊಂದು ಸಲ ನೋಡಿದೆ. ಆರು ಹುದ್ದೆಯಲ್ಲಿ ಜಾಡಮಾಲಿ ಹುದ್ದೆ ಇಲ್ಲ. ಕಕ್ಕಸು ಯಾರು ತೊಳೀತಾರೆ? ನಮ್ಮ ತಲೆಗೆ ಮೊದಲು ಬರೋ ಪ್ರಶ್ನೆ ಇದೇ ತಾನೆ. ಗೇಮ್ ಮಾಡಿದೋರಿಗೆ ಅದು ಪ್ರಶ್ನೆಯೇ ಅಲ್ಲ. ಇದ್ದೋರು ತೊಳ್ಕೋತಾರೆ, ಮುಗೀತು.

ನಿಜವಾದ ನಿಲ್ದಾಣದಲ್ಲೂ ಹಾಗೇ. ತಲೆ ಮೇಲೆ 400 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರೋ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2000ದ ನವೆಂಬರ್‌ನಿಂದ ಒಂದು ದಿನವೂ ತಪ್ಪದೆ ಜನ ಇದ್ದಾರೆ. ಅಲ್ಲಿ ವಾರಕ್ಕೊಂದು ಸಲ ಸ್ವಚ್ಛತೆ ಕೆಲಸ, ಸಾಮಾನ್ಯವಾಗಿ ಶನಿವಾರ. ಪಿಎಚ್‌ಡಿ ಮಾಡಿದೋರು, ಯುದ್ಧ ವಿಮಾನ ಓಡಿಸಿದೋರು, ಕಮಾಂಡರ್ ಆದೋರು, ಎಲ್ಲರೂ ಬಟ್ಟೆ ಹಿಡಿದು ಗೋಡೆ ಒರೆಸ್ತಾರೆ, ಶೌಚಾಲಯ ಶುಚಿ ಮಾಡ್ತಾರೆ, ಕೆಟ್ಟರೆ ರಿಪೇರಿಗೂ ಅವರೇ ಕೂರ್ತಾರೆ. 'ಇದು ನನ್ನ ಕೆಲಸ ಅಲ್ಲ' ಅನ್ನೋಕೆ ಅಲ್ಲಿ ಕೇರಿ ಇಲ್ಲ.

ನೀರಿನ ವಿಷಯ ಇನ್ನೂ ಚೆಂದ. ಅಲ್ಲಿನ ಯಂತ್ರ ಎಲ್ಲರ ಮೂತ್ರ, ಬೆವರು, ಉಸಿರಿನ ತೇವ ಹಿಡಿದು ಮತ್ತೆ ಕುಡಿಯೋ ನೀರು ಮಾಡುತ್ತೆ. 2023ರಲ್ಲಿ ಅಮೆರಿಕದ ಭಾಗದಲ್ಲಿ 98 ಪರ್ಸೆಂಟ್ ನೀರು ವಾಪಸ್ ಪಡೆಯೋ ಮಟ್ಟ ಮುಟ್ಟಿದ್ದೀವಿ ಅಂತ ನಾಸಾ ಹೇಳಿತು. ಅಂದ್ರೆ ನಿಮ್ಮ ಲೋಟದಲ್ಲಿ ಇನ್ನೊಬ್ಬನ ಬೆವರು ಇದೆ, ಅವನ ಲೋಟದಲ್ಲಿ ನಿಮ್ಮದು. 2025ರ ಜೂನ್-ಜುಲೈನಲ್ಲಿ ನಮ್ಮ ಶುಭಾಂಶು ಶುಕ್ಲಾ ಅಲ್ಲಿ ಹದಿನೆಂಟು ದಿನ ಇದ್ದು ಬಂದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ್ದ ಪ್ರಯೋಗದಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರು. ಟಿವಿಯೋರೆಲ್ಲ ಹೆಮ್ಮೆ ಪಟ್ಟರು, ನಾನೂ ಪಟ್ಟೆ. ಆದರೆ ಅಲ್ಲಿ ಕುಡಿಯೋ ನೀರು ಯಾರ ಮೈ ದಾಟಿ ಬಂದಿದ್ದು ಅಂತ ಒಂದು ಚಾನಲ್ಲೂ ಚರ್ಚೆ ಇಡಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದದ್ದಕ್ಕೆ ಆಮೇಲೆ ಸೆಗಣಿ, ಗಂಜಲ ಸುರಿದು ಕೆರೆ ಶುದ್ಧಿ ಮಾಡಿದ ದೇಶ ಇದು. ನಾನು ಚಿಕ್ಕೋನಿದ್ದಾಗ ನಮ್ಮ ಕಡೆ ಹೋಟೆಲಿನ ಗೋಡೆ ಗೂಡಲ್ಲಿ ನಮ್ಮ ಲೋಟ ಬೇರೆ ಇರ್ತಿತ್ತು. ನಾವೇ ತೊಳೆದು ನಾವೇ ಬೋರಲು ಹಾಕಿ ಬರಬೇಕಿತ್ತು.

ಸರಿ, ಕತೆಗೆ ಬರ್ತೀನಿ.

ಟಕೋಮಾದೋರು ಒಂದು ಹಬ್ಬ ಮಾಡ್ತಾರೆ. ಅದರ ಹಿನ್ನೆಲೆ ಏನಪ್ಪ ಅಂದ್ರೆ, ವೆಂಚುರಿಸ್ ಕಂಪನಿ ಮನುಷ್ಯರೇ ಇಲ್ಲದೆ ತಾವೇ ನಡೆಯೋ ಐಷಾರಾಮಿ ತಂಗುದಾಣಗಳನ್ನ ಆಕಾಶದಲ್ಲಿ ಕಟ್ಟಿಕೊಂಡಿತ್ತು. ಆದರೆ ಇಂಥ ಜಾಗದಲ್ಲಿ ಕೆಲಸಕ್ಕೆ ಮನುಷ್ಯರು ಇರಲೇಬೇಕು ಅಂತ ಕಾನೂನು ಬಂತು. ತಂಗುದಾಣ ಖಾಲಿ ಬಿದ್ದವು, ಕೆಲಸಗಾರರ ಕೆಲಸ ಉಳೀತು. ಅದಕ್ಕೇ ಹಬ್ಬ. ಆ ಹಬ್ಬದ ದಿನವೇ ಸ್ಫೋಟ ಆಗುತ್ತೆ. ಆಮ್ಲಜನಕ ಐವತ್ತು ಗಂಟೆಗೆ ಆಗೋಷ್ಟು ಮಾತ್ರ ಉಳಿಯುತ್ತೆ. ಹೊರಗಿನ ಸಂಪರ್ಕವೂ ಕಡಿದಿದೆ. ಆರೂ ಜನ ಬದುಕೋ ದಾರಿ ಹುಡುಕ್ತಾರೆ, ಜಗಳ ಆಡ್ತಾರೆ, ಅಳ್ತಾರೆ, ಮನೆಗೆ ಕಾಗದ ಬರೀತಾರೆ. ಕೊನೆಗೆ ಗೊತ್ತಾಗೋದು, ಇದು ಅವಘಡವೇ ಅಲ್ಲ. ಮನುಷ್ಯರು ಸತ್ತರೆ 'ನೋಡಿ, ಆಕಾಶ ಮನುಷ್ಯರಿಗೆ ಸುರಕ್ಷಿತ ಅಲ್ಲ' ಅಂತ ತೋರಿಸಿ ಆ ಕಾನೂನು ತೆಗೆಸೋಕೆ ಕಂಪನಿಯೇ ಹೂಡಿದ್ದು.

ಇಲ್ಲಿ ನನಗೆ ಒಂದು ಇಕ್ಕಟ್ಟು ಬಂತು. ಗೇಮಿನ ಕೆಲಸಗಾರರು 'ಯಂತ್ರ ಬೇಡ, ಮನುಷ್ಯ ಇರಲಿ' ಅಂತಾರೆ. ನಾವು ಇಷ್ಟು ವರ್ಷ ಬೀದಿಲಿ ನಿಂತು ಕೂಗಿದ್ದು ತದ್ವಿರುದ್ಧ: ಮನುಷ್ಯ ಬೇಡ, ಯಂತ್ರ ಇಳಿಸಿ. 70ರ ದಶಕದ ಮೊದಲಲ್ಲಿ ಮಂತ್ರಿ ಆಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋ ಪದ್ಧತಿ ನಿಲ್ಲಿಸಿದರು. 2013ರಲ್ಲಿ ಕೇಂದ್ರದ ಕಾಯ್ದೆ ಬಂತು. 2014ರಲ್ಲಿ ಸುಪ್ರೀಂ ಕೋರ್ಟು ಮ್ಯಾನ್‌ಹೋಲ್‌ನಲ್ಲಿ ಸತ್ತೋರ ಕುಟುಂಬಕ್ಕೆ 10 ಲಕ್ಷ ಅಂತ ಹೇಳಿತು, 2023ರಲ್ಲಿ ಅದನ್ನ 30 ಲಕ್ಷ ಮಾಡಿತು. ಇಷ್ಟಾದರೂ ಇಳಿಸೋದು ನಿಂತಿಲ್ಲ. ಕೋಲಾರದ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇಡೀ ಜೀವಮಾನ ಇದಕ್ಕೇ ಕೊಟ್ಟಿದ್ದಾರೆ. ಯೋಚನೆ ಮಾಡಿ, ಆ ಕೆಜಿಎಫ್ ಕೂಡ ಒಂದು ಕಂಪನಿ ಊರು. ನೆಲದೊಳಗೆ 3 ಕಿ.ಮೀ.ಗೂ ಆಳಕ್ಕೆ ಮನುಷ್ಯರನ್ನ ಇಳಿಸೋ ತಂತ್ರಜ್ಞಾನ ಇತ್ತು, 1902ಕ್ಕೇ ಶಿವನಸಮುದ್ರದಿಂದ ಕರೆಂಟು ಬಂದಿತ್ತು. ಆದರೆ ಆ ಊರಿನ ಒಣ ಕಕ್ಕಸು ಬಾಚೋಕೆ ತೊಂಬತ್ತರ ದಶಕದಲ್ಲೂ ವಿಲ್ಸನ್ನರ ಜನರೇ ಬೇಕಾಗಿತ್ತು. ಯಂತ್ರ ಎಲ್ಲಿಗೆ ಬರಬೇಕು, ಎಲ್ಲಿಗೆ ಬರಬಾರದು ಅಂತ ತೀರ್ಮಾನ ಮಾಡೋನು ಯಾವತ್ತೂ ಪೊರಕೆ ಹಿಡಿದೋನಲ್ಲ.

ನಮ್ಮ ಹತ್ತಿರದ್ದೇ ನೋಡಿ. ಮಿಡಿಗೇಶಿ ಮೇಲೆ ಹಾದು ಹೋಗೋ ಪಾವಗಡ ರಸ್ತೆ ಹಿಡಿದು ಹೋದರೆ ತಿರುಮಣಿ. ಅಲ್ಲಿನ ಸೋಲಾರ್ ಪಾರ್ಕು ಎಲ್ಲರಿಗೂ ಗೊತ್ತು. 2018ರ ಮಾರ್ಚ್ 1ರಂದು ಉದ್ಘಾಟನೆ ಆಯ್ತು. ಐದು ಊರಿನ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಭೂಮಿ ಕೊಂಡುಕೊಳ್ಳದೆ ಗುತ್ತಿಗೆಗೆ ತಗೊಂಡರು: ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ, 28 ವರ್ಷದ ಕರಾರು. ಬರಗಾಲದ ಸೀಮೆ, ಫ್ಲೋರೈಡ್ ನೀರು, ಕಡಲೆಕಾಯಿ ಕೈಕೊಡೋ ನೆಲ. ಭೂಮಿ ಇದ್ದೋರಿಗೆ ಇದು ಕೆಟ್ಟ ವ್ಯವಹಾರ ಅಂತ ನಾನು ಹೇಳಲ್ಲ, ಎಷ್ಟೋ ಜನ ಸಾಲ ತೀರಿಸಿಕೊಂಡರು. ಆದರೆ ಗುತ್ತಿಗೆ ದುಡ್ಡು ಪಹಣಿ ನೋಡಿ ಬರುತ್ತೆ. ಪಹಣಿಯಲ್ಲಿ ಹೆಸರಿಲ್ಲದೋರಿಗೆ? ಆ ಹೊಲದಲ್ಲಿ ಕಳೆ ಕಿತ್ತೋರು, ಕಡಲೆಕಾಯಿ ಬಿಡಿಸಿದೋರು, ಕುರಿ ಮೇಕೆ ಬಿಟ್ಟುಕೊಂಡಿದ್ದೋರು ಯಾವ ಕಾಲಂನಲ್ಲೂ ಇಲ್ಲ.

ಒಂದು ಸಲ ಸಭೆಗೆ ಹೋಗಿದ್ದಾಗ ಅಲ್ಲಿ ವಯಸ್ಸಾದ ಒಬ್ಬ ಅಮ್ಮ ನಂಜೊತೆ ಬೇಲಿ ಪಕ್ಕ ನಡ್ಕೊಂಡು ಬಂದ್ಳು. ಒಳಗೆ ಕಣ್ಣು ಹಾಯಿಸಿದಷ್ಟೂ ನೀಲಿ ಗಾಜು, ಒಂದು ನರಪಿಳ್ಳೆ ಇಲ್ಲ. "ನೋಡಪ್ಪ, ಆ ಮೂರನೇ ಸಾಲು ಐತಲ್ಲ, ಅಲ್ಲಿ ನಾನು ಹೆರಿಗೆ ನೋವು ಬಂದ್ರೂ ಕಳೆ ಕೀಳ್ತಿದ್ದೆ. ಈಗ ಅಲ್ಲಿಗೆ ಹೋಗಂಗಿಲ್ಲ, ಕ್ಯಾಮ್ರಾ ಐತಂತೆ" ಅಂದ್ಳು. ಟಕೋಮಾದ ಖಾಲಿ ಓಣಿಗಳಲ್ಲಿ ನಡೆಯುವಾಗ ನನಗೆ ನೆನಪಾಗಿದ್ದು ಈ ಬೇಲಿ. ಗೇಮಲ್ಲಿ ಆದರೆ ಬಟನ್ ಒತ್ತಿದರೆ ಅಲ್ಲಿದ್ದ ಮನುಷ್ಯರ ನೆರಳು ಎದ್ದು ಬಂದು ಮಾತಾಡ್ತವೆ. ಮೆಕ್ಯಾನಿಕ್ ಏನು ತಮಾಷೆ ಮಾಡಿದ್ಳು ಅನ್ನೋದೂ ದಾಖಲಾಗಿದೆ. ತಿರುಮಣಿ ನೀಲಿ ಗಾಜಿನ ಕೆಳಗೆ ಯಾವ ಬಟನ್ ಒತ್ತೋದು? ಹಿಮ್ಮಡಿ ಮುಟ್ಟೋ ಕೇಶ ಇದ್ದ ಹೆಣ್ಣಿಂದ ನಮ್ಮೂರಿಗೆ ಮಿಡಿಗೇಶಿ ಅಂತ ಹೆಸರು ಬಂತು ಅಂತ ಹೇಳೋದುಂಟು. ಅವಳ ಕೂದಲಿನ ಉದ್ದ ಊರಿಗೆಲ್ಲ ಗೊತ್ತು. ಆ ಬೆಟ್ಟದ ಮೇಲಿನ ಕೋಟೆಗೆ ಕಲ್ಲು ಹೊತ್ತೋರ ಒಂದು ಹೆಸರೂ ಗೊತ್ತಿಲ್ಲ.

ಕೊನೆಗೆ ನನಗೆ ಹೆಚ್ಚು ಹಿಡಿಸಿದ್ದು ಓಡಿನ್. ಆ ಯಂತ್ರಕ್ಕೆ ಎಲ್ಲಾ ಗೊತ್ತು. ಆರು ಜನ ಸಾಯಲಿ ಅಂತ ಕಂಪನಿ ಬಿಟ್ಟಿದೆ ಅನ್ನೋದೂ ಗೊತ್ತು. ಆದರೆ ಹೇಳೋ ಹಾಗಿಲ್ಲ, ಕಟ್ಟಪ್ಪಣೆ. ಅದು ಏನು ಮಾಡುತ್ತೆ ಅಂದ್ರೆ, ಡಾಕ್ಟರ್ ಸಾರೆ ಜೊತೆ ಸುತ್ತಿ ಬಳಸಿ ಮಾತಾಡಿ, ಅವಳೇ ಸರಿಯಾದ ಪ್ರಶ್ನೆ ಕೇಳೋ ಹಾಗೆ ದಾರಿ ಮಾಡುತ್ತೆ. ಅವಳು ಸುಳಿವು ಹಿಡೀತಾಳೆ, ಹೊರಗೆ ಸುದ್ದಿ ಮುಟ್ಟುತ್ತೆ, ಆರೂ ಜನ ಬದುಕ್ತಾರೆ. ಕೊನೆಯಲ್ಲಿ ಆಮಿ ಕೂಡ ಓಡಿನ್‌ನ ಕಂಪನಿಗೆ ಒಪ್ಪಿಸಲ್ಲ, ತಪ್ಪಿಸಿ ಕರ್ಕೊಂಡು ಹೋಗ್ತಾಳೆ.

ಕಚೇರಿಯಲ್ಲಿ ಕೂತೋರಿಗೆ ಈ ಓಡಿನ್ ಚೆನ್ನಾಗಿ ಗೊತ್ತು. ಅವನು ಕೇಸ್ ವರ್ಕರ್. ಫೈಲು ಅವನ ಮೇಜಿನ ಮೇಲಿದೆ, ಆದರೆ ಕೇಳದೆ ಹೇಳೋ ಅಧಿಕಾರ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಬಂದಾಗಿಂದ ನಾವು ಕಲಿತಿದ್ದೂ ಇಷ್ಟೇ, ಪ್ರಶ್ನೆ ತಪ್ಪಿದರೆ ಉತ್ತರ ಇಲ್ಲ. 'ಎಸ್‌ಸಿಎಸ್‌ಪಿ ಹಣ ಪೂರ್ತಿ ಖರ್ಚಾಗಿದೆಯೇ' ಅಂತ ಕೇಳಿದರೆ 'ಆಗಿದೆ' ಅಂತ ಒಂದು ಸಾಲಿನ ಉತ್ತರ. '7ಡಿ ಅಡಿಯಲ್ಲಿ ಯಾವ ರಸ್ತೆಗೆ, ಯಾವ ಸೇತುವೆಗೆ ಎಷ್ಟು ಹೋಯಿತು, ಆದೇಶದ ಪ್ರತಿ ಕೊಡಿ' ಅಂತ ಕೇಳಿದಾಗಲೇ ಬಣ್ಣ ಬಯಲಾಗಿದ್ದು. ಇಂಥ ಕೇಳೋರು ಹೆಚ್ಚಾಗಿ ಆಮೇಲೆ ತಾನೆ 2023ರಲ್ಲಿ ಆ 7ಡಿ ತೆಗೆದಿದ್ದು.

ಗೇಮ್ ಮಾಡಿದ ಕಂಪನಿ ಬಗ್ಗೆಯೂ ಒಂದು ಮಾತು ಹೇಳಬೇಕು, ಹೇಳದಿದ್ದರೆ ಸರಿಹೋಗಲ್ಲ. 2021ರಲ್ಲಿ ಅದರ ಸಹಸ್ಥಾಪಕ ಮುಂದಿನ ಗೇಮಿನ ಮುಖ್ಯಸ್ಥನ ಜಾಗ ಬಿಟ್ಟ. ಹೆಣ್ಣುಮಕ್ಕಳನ್ನ ಅವನು ನಡೆಸಿಕೊಂಡ ರೀತಿಗೆ ಬೇಸತ್ತು ಅನೇಕರು ಕೆಲಸ ಬಿಟ್ಟಿದ್ದರು ಅಂತ ಅಲ್ಲಿನ ಪತ್ರಿಕೆ ವರದಿ ಮಾಡಿತು. ಕೆಲಸಗಾರರ ಬಗ್ಗೆ ಇಷ್ಟು ಚೆನ್ನಾಗಿ ಕತೆ ಕಟ್ಟಿದ ಮನೆಯಲ್ಲೇ ಹೀಗೆ. ನನಗೇನೂ ಆಶ್ಚರ್ಯ ಆಗಲಿಲ್ಲ, ನಮ್ಮ ವೇದಿಕೆಗಳಲ್ಲಿ ಸಮಾನತೆ ಭಾಷಣ ಮುಗಿಸಿ ಮನೆಗೆ ಹೋಗಿ ಕಾಲು ಚಾಚೋರನ್ನ ನೋಡಿದ್ದೀವಿ.

ಈಗ ಕೆಲಸದ ವಿಷಯ. ತಿರುಮಣಿ ಕಡೆ ಪ್ಯಾನಲ್ ತೊಳೆಯೋ, ಹುಲ್ಲು ಕೀಳೋ, ಕಾವಲು ಕಾಯೋ ಕೆಲಸದಲ್ಲಿರೋ ನಮ್ಮ ಹುಡುಗರು, ಹೆಣ್ಣುಮಕ್ಕಳು ಇದ್ದೀರಲ್ಲ, ನಿಮ್ಮ ಪಿಎಫ್, ಇಎಸ್‌ಐ ಚೀಟಿ ಇದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಇಲ್ಲ ಅಂತಲೇ ಬರೆದಿಡಿ. ಸೋಲಾರ್ ಪಾರ್ಕ್ ಅಭಿವೃದ್ಧಿ ನಿಗಮಕ್ಕೆ ಒಂದು ಮಾಹಿತಿ ಹಕ್ಕು ಅರ್ಜಿ ಬರೀತಿದ್ದೀನಿ. ಪ್ರಶ್ನೆ ಹೀಗಿವೆ: ಐದು ಗ್ರಾಮಗಳಿಂದ ಈಗ ಕೆಲಸದಲ್ಲಿರೋರು ಎಷ್ಟು ಜನ, ಯಾವ ಯಾವ ಗುತ್ತಿಗೆದಾರರ ಮೂಲಕ, ಅವರಲ್ಲಿ ಪರಿಶಿಷ್ಟರು ಎಷ್ಟು, ಹೆಂಗಸರು ಎಷ್ಟು, ಭೂಮಿ ಇಲ್ಲದ ಕುಟುಂಬದವರು ಎಷ್ಟು, 2018ರಿಂದ ವರ್ಷವಾರು ಕೊಡಿ. ಭೂಮಿ ಇಲ್ಲದೋರ ಲೆಕ್ಕ ಇಟ್ಟೇ ಇಲ್ಲ ಅಂದ್ರೆ, ಇಟ್ಟಿಲ್ಲ ಅಂತ ಲಿಖಿತವಾಗಿ ಕೊಡಿ. ಇದರಲ್ಲಿ ಯಾವ ಪ್ರಶ್ನೆಗೆ ಜಾರಿಕೊಳ್ಳೋಕೆ ಸಂದು ಇದೆ, ಹೆಂಗೆ ತಿದ್ದಬೇಕು ಅಂತ ಗೊತ್ತಿರೋರು ಭಾನುವಾರದೊಳಗೆ ಕೆಳಗೆ ಬರೀರಿ. ಸೋಮವಾರ ಪೋಸ್ಟಿಗೆ ಹಾಕ್ತೀನಿ.