ವೇಪಥು: ಭಾವವೋ ಬೇನೆಯೋ?

ಭರತನ ನಾಟ್ಯಶಾಸ್ತ್ರವು ಹೇಳುವ ಎಂಟು ಸಾತ್ತ್ವಿಕ ಭಾವಗಳಲ್ಲಿ ವೇಪಥುವೂ ಒಂದು. ಭಯ, ಹರ್ಷ, ಕೋಪ, ಶೀತಗಳಿಂದ ಮೈ ನಡುಗುವುದನ್ನು ಆ ಪರಂಪರೆ ಅಂತರಂಗದ ಬಹಿರಂಗ ರೂಪವೆಂದು ಬಗೆಯಿತು. ಅದೇ ಶಬ್ದ ಮಾಧವನಿದಾನದಲ್ಲಿ ವಾತವ್ಯಾಧಿಯೊಂದರ ಹೆಸರು. ಭಾವಕ್ಕೂ ಬೇನೆಗೂ ನಡುವಣ ಗೆರೆ ಎಲ್ಲಿದೆ ಎಂಬುದು ಹದಿಹರೆಯದವರ ಕೈ ನಡುಗತೊಡಗಿದಾಗ ಬರಿಯ ಶಬ್ದಾರ್ಥದ ಜಿಜ್ಞಾಸೆಯಾಗಿ ಉಳಿಯುವುದಿಲ್ಲ.

ಮುಂಬಯಿಯ ಪವಾಯಿಯಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದನ್ನು ಊಹಿಸಿಕೊಳ್ಳಬಹುದು. 1958ರಲ್ಲಿ ಸ್ಥಾಪನೆಯಾದ ಐಐಟಿ ಕೂಗಳತೆಯಲ್ಲಿದೆ. ಮಗ ಅದರ ಬಾಗಿಲನ್ನು ಹೊಗಬೇಕೆಂಬ ಆಸೆ ಮನೆಯವರದು. ಹತ್ತನೆಯ ತರಗತಿಯ ಆ ಹುಡುಗನ ಅಕ್ಷರ ಸೊಟ್ಟಗಾಗುತ್ತದೆ, ಚಹಾದ ಲೋಟ ತುಳುಕುತ್ತದೆ. ಶಾಲೆಯವರು ಅಲಕ್ಷ್ಯವೆನ್ನುತ್ತಾರೆ, ತಂದೆ ಪರೀಕ್ಷೆಯ ಅಂಜಿಕೆಯೆನ್ನುತ್ತಾನೆ, ಊರಿನ ಅಜ್ಜಿ ದೃಷ್ಟಿ ತಗುಲಿತೆಂದು ಹರಕೆ ಹೊರುತ್ತಾಳೆ. ಹುಡುಗನಾದರೋ ಕೈಯನ್ನು ಜೇಬಿನಲ್ಲಿ ಬಚ್ಚಿಡಲು ಕಲಿಯುತ್ತಾನೆ. ನಡುಕಕ್ಕಿಂತ ಈ ಬಚ್ಚಿಡುವಿಕೆಯೇ ಹೆಚ್ಚು ಅಪಾಯಕಾರಿ.

ವೈದ್ಯರು ಕೇಳುವ ಪ್ರಶ್ನೆಗಳೇ ಬೇರೆ. ಕೈ ಸುಮ್ಮನಿದ್ದಾಗ ನಡುಗುವುದೋ, ಚಾಚಿದಾಗಲೋ, ವಸ್ತುವನ್ನು ಮುಟ್ಟಹೋದಾಗಲೋ? ಕಾಗದದ ಮೇಲೆ ಸುರುಳಿಯೊಂದನ್ನು ಬರೆಯಿಸಿ ಅವರು ನಡುಕದ ಸ್ವರೂಪವನ್ನು ನೋಡುತ್ತಾರೆ. ಕಣ್ಣಿಗೆ ಕಾಣದ ಸೂಕ್ಷ್ಮ ಕಂಪನ ಎಲ್ಲರ ಕೈಯಲ್ಲೂ ಉಂಟು. ನಿದ್ದೆಗೇಡು, ಕಾಫಿ, ಆತಂಕಗಳು ಅದನ್ನು ಹಿಗ್ಗಿಸುತ್ತವೆ. ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಆಸ್ತಮಾಕ್ಕೆ ಸೇದುವ ಸಾಲ್ಬುಟಮಾಲ್, ಅಪಸ್ಮಾರಕ್ಕೆ ಕೊಡುವ ವಾಲ್ಪ್ರೊಯೇಟ್ ಇವೂ ಕಾರಣವಾಗಬಲ್ಲವು. ಮನೆತನದಲ್ಲಿ ಹರಿದುಬರುವ ಎಸೆನ್ಷಿಯಲ್ ಟ್ರೆಮರ್ ಎಂಬ ನಡುಕ ಹದಿಹರೆಯದಲ್ಲೇ ತಲೆದೋರುವುದುಂಟು. ಪ್ರೊಪ್ರನೊಲಾಲ್ ಅದನ್ನು ತಗ್ಗಿಸಬಲ್ಲದಾದರೂ ಆಸ್ತಮಾ ಇರುವವರಿಗೆ ಸಲ್ಲದು.

ಇವೆಲ್ಲಕ್ಕಿಂತ ವಿರಳವಾದರೂ ತಪ್ಪಿಹೋಗಬಾರದ ಕಾರಣವೊಂದಿದೆ. 1912ರಲ್ಲಿ ಕಿನ್ನಿಯರ್ ವಿಲ್ಸನ್ ವಿವರಿಸಿದ ಕಾಯಿಲೆಯಲ್ಲಿ, ದೇಹದಿಂದ ಹೊರಹೋಗಬೇಕಾದ ತಾಮ್ರವು ಯಕೃತ್ತಿನಲ್ಲೂ ಮೆದುಳಿನಲ್ಲೂ ಶೇಖರಗೊಳ್ಳುತ್ತದೆ. ತಂದೆತಾಯಿಗಳಿಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗ ಮಾತ್ರ ಇದು ಪ್ರಕಟವಾಗುವುದರಿಂದ, ಸೋದರಮಾವನನ್ನೋ ಅತ್ತೆಯ ಮಗನನ್ನೋ ವರಿಸುವ ರೂಢಿಯಿರುವ ಮನೆತನಗಳಲ್ಲಿ ಇದರ ಸಂಭವ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ಪರೀಕ್ಷಿಸಿದ ಇಂಥ 282 ರೋಗಿಗಳ ವಿವರಗಳನ್ನು 2007ರಲ್ಲಿ ಪ್ರಕಟಿಸಿದರು. ಕಣ್ಣಿನ ಕಾರ್ನಿಯಾದ ಅಂಚಿನಲ್ಲಿ ಮೂಡುವ ಕಂದುಹಸಿರು ಉಂಗುರ, ರಕ್ತದ ಸೆರುಲೋಪ್ಲಾಸ್ಮಿನ್ ಪ್ರಮಾಣ, 24 ಗಂಟೆಗಳ ಮೂತ್ರದಲ್ಲಿನ ತಾಮ್ರ ಇವು ರೋಗನಿರ್ಣಯದ ಮುಖ್ಯ ಆಧಾರಗಳು. 1956ರಲ್ಲಿ ಜಾನ್ ವಾಲ್ಶ್ ಬಳಕೆಗೆ ತಂದ ಪೆನಿಸಿಲಮೈನ್, ಆನಂತರ ಬಂದ ಸತುವಿನ ಲವಣಗಳು ಮಾರಕವಾಗಿದ್ದುದನ್ನು ಹತೋಟಿಗೆ ತಂದವು. ಆದರೆ ಔಷಧವನ್ನು ಜೀವಮಾನವಿಡೀ ಸೇವಿಸಬೇಕು. ಒಡಹುಟ್ಟಿದವರಿಗೂ ನಾಲ್ಕರಲ್ಲಿ ಒಂದು ಪಾಲಿನ ಸಂಭವವಿರುವುದರಿಂದ ಅವರ ಪರೀಕ್ಷೆಯೂ ಅಗತ್ಯ. ತಡವಾದಷ್ಟೂ ಮೆದುಳಿಗಾದ ಹಾನಿ ಸರಿಪಡಿಸಲಾಗದೆ ಉಳಿಯುತ್ತದೆ. ಹರಕೆ ಹೊರುವುದು ತಪ್ಪಲ್ಲ. ಹರಕೆಗಾಗಿ ಪರೀಕ್ಷೆಯನ್ನು ಮುಂದೂಡುವುದು ತಪ್ಪು.

ಎಲ್ಲ ಪರೀಕ್ಷೆಗಳ ಬಳಿಕವೂ ಕಾರಣ ತಿಳಿಯದೆ ಉಳಿಯುವ ನಡುಕಗಳುಂಟು. ಆಗಲೂ ಬರೆಯಬೇಕಾದ ಪರೀಕ್ಷೆ ಕಾಯುವುದಿಲ್ಲ. ಬರೆವಾಗ ಕೈ ಸೆಳೆತಕ್ಕೊಳಗಾಗುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರುವರಿ 11ರಂದು ಮಹತ್ವದ ತೀರ್ಪನ್ನಿತ್ತಿತು: ಲಿಪಿಕಾರರ ನೆರವು ಶೇಕಡಾ 40ರಷ್ಟು ಅಂಗವೈಕಲ್ಯ ಉಳ್ಳವರಿಗಷ್ಟೇ ಮೀಸಲಾಗಬಾರದು. ಕನ್ನಡದ ವಿದ್ಯಾರ್ಥಿಗಳಿಗೆ ಈ ಮಾತು ಹೊಸದೆನಿಸಬೇಕಾಗಿಲ್ಲ. ವ್ಯಾಸನಿಗೆ ಗಣಪತಿ ಲಿಪಿಕಾರನಾದ ಕಥೆಯನ್ನು ಕೇಳಿದವರಾರೂ ಭಾರತದ ಕರ್ತೃತ್ವವನ್ನು ಗಣಪತಿಗೆ ಕೊಡಲಿಲ್ಲ. ಅಕ್ಷರ ಕೈಯದಾದರೂ ವಿದ್ಯೆ ಕೈಯದಲ್ಲ. ನಡುಗುವ ಕೈಯುಳ್ಳ ವಿದ್ಯಾರ್ಥಿಗೆ ಅಧ್ಯಾಪಕರು ಮೊದಲು ಹೇಳಬೇಕಾದ ಮಾತು ಇದೇ.